ವಾರಕ್ಕೆ ಅರವತ್ತು ಗಂಟೆ

ಅಪ್ಪನ ಬಿಲ್ಲೆ ಈಗ ನನ್ನ ಮೇಜಿನ ಡ್ರಾಯರ್‌ನಲ್ಲಿದೆ. ಹಿತ್ತಾಳೆಯದು, ಹಳೇ ರೂಪಾಯಿ ನಾಣ್ಯಕ್ಕಿಂತ ಸ್ವಲ್ಪ ದೊಡ್ಡದು. ಮೇಲುಗಡೆ ಒಂದು ತೂತು. ತೂತಿಗೆ ಕಟ್ಟಿದ ದಾರ ಬಟ್ಟೆ ಮಿಲ್ಲಿನ ಎಣ್ಣೆ ಕುಡಿದು ಕಪ್ಪಾಗಿದೆ. ನಂಬರ್ 638. ಆರರ ಬಾಲ ಸವೆದು ಸೊನ್ನೆಯ ಹಾಗೆ ಕಾಣುತ್ತದೆ. ಅಪ್ಪ ದಿನಾ ಗೇಟಿನಲ್ಲಿ ಇದನ್ನು ಕೊಟ್ಟು ಒಳಗೆ ಹೋಗುತ್ತಿದ್ದರು, ಪಾಳಿ ಮುಗಿಸಿ ಇಸಿದುಕೊಂಡು ಬರುತ್ತಿದ್ದರು. ಮನೆಗೆ ಬಂದ ಕೂಡಲೇ ದೇವರ ಗೂಡಿನಲ್ಲಿ ಇಡುತ್ತಿದ್ದರು. ನಾವು ಮಕ್ಕಳು ಅದನ್ನು ಮುಟ್ಟುವ ಹಾಗಿರಲಿಲ್ಲ. ಕಳೆದರೆ ದಂಡ ಕಟ್ಟಬೇಕಿತ್ತು.

ಮಿಲ್ಲು ಮುಚ್ಚಿದಾಗ ಈ ಬಿಲ್ಲೆಯನ್ನು ಯಾರೂ ವಾಪಸ್ ಕೇಳಲಿಲ್ಲ. ಬಾಕಿ ಪಗಾರವೂ ಬರಲಿಲ್ಲ.

ದಾವಣಗೆರೆಯಲ್ಲಿ ಬೆಳೆದ ನಮ್ಮ ವಯಸ್ಸಿನವರಿಗೆ ಗಡಿಯಾರ ಅಷ್ಟಾಗಿ ಬೇಕಿರಲಿಲ್ಲ. ಮಿಲ್ಲಿನ ಕೂಗು ಇತ್ತು. ಮೊದಲನೇ ಕೂಗಿಗೆ ಅವ್ವ ಒಲೆ ಹಚ್ಚುತ್ತಿದ್ದಳು, ಎರಡನೇ ಕೂಗಿಗೆ ಅಪ್ಪ ಸೈಕಲ್ ಹತ್ತುತ್ತಿದ್ದರು. ಅಪ್ಪ ರಿಂಗ್ ಫ್ರೇಮಿನಲ್ಲಿ, ಅಂದರೆ ನೂಲು ತೆಗೆಯುವ ಯಂತ್ರದಲ್ಲಿ, ಅದನ್ನು ನೋಡಿಕೊಳ್ಳುವ ಸೈಡರ್ ಆಗಿದ್ದರು. ಅದಕ್ಕೂ ಮೊದಲು ಎಂಟು ವರ್ಷ ಬದಲಿ. ಅಂದರೆ ಯಾರಾದರೂ ರಜೆ ಹಾಕಿದರೆ ಮಾತ್ರ ಕೆಲಸ, ಇಲ್ಲದಿದ್ದರೆ ಗೇಟಿನವರೆಗೆ ಹೋಗಿ ಬರಿಗೈಯಲ್ಲಿ ವಾಪಸ್. ಹೊರಗಿನವರು ನಮ್ಮೂರನ್ನು ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಕರೆಯುತ್ತಿದ್ದರು. ಮ್ಯಾಂಚೆಸ್ಟರ್ ಎಲ್ಲಿದೆ ಎಂದು ನಾನು ಮೊದಲ ಸಲ ನಕಾಶೆಯಲ್ಲಿ ಹುಡುಕಿದ್ದು ಆರನೇ ಕ್ಲಾಸಿನಲ್ಲಿ. ಅಲ್ಲಿಂದ ಇಲ್ಲಿಯವರೆಗಿನ ದಾರಿಯನ್ನು ಬರೆಯಬೇಕು ಅನ್ನಿಸಿ ಬಹಳ ದಿನವಾಯಿತು. ಜನಾಂಗ, ದುಡಿಮೆ, ಅಂತರರಾಷ್ಟ್ರೀಯ ಸಂಬಂಧ, ಈ ಮೂರನ್ನೂ ಕೂಡಿಸಿ ಇತಿಹಾಸ ಓದುತ್ತೇನೆ ಎಂದು ಹೊರಟವಳ ದಾರಿ ಇದು.

ಎಂ.ಎ. ಮಾಡಿದ್ದು ತೋಳಹುಣಸೆಯ ಶಿವಗಂಗೋತ್ರಿಯಲ್ಲಿ. ಆಗ ಅದು ಕುವೆಂಪು ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರ. ದಾವಣಗೆರೆ ವಿಶ್ವವಿದ್ಯಾಲಯ ಆದದ್ದು 2009ರಲ್ಲಿ. ಅಂತರರಾಷ್ಟ್ರೀಯ ಸಂಬಂಧಗಳ ಪತ್ರಿಕೆ ಒಂದಿತ್ತು. ವರ್ಸೇಲ್ಸ್ ಒಪ್ಪಂದ, ರಾಷ್ಟ್ರಸಂಘ, ಶೀತಲ ಸಮರ, ಅಲಿಪ್ತ ನೀತಿ. ನೋಟ್ಸ್ ಬರೆದುಕೊಂಡೆವು, ಬಾಯಿಪಾಠ ಮಾಡಿದೆವು, ಮಾರ್ಕ್ಸ್ ಬಂದವು. ಆ ಇಡೀ ಪತ್ರಿಕೆಯಲ್ಲಿ ಮಂತ್ರಿಗಳಿದ್ದರು, ರಾಯಭಾರಿಗಳಿದ್ದರು, ದಂಡನಾಯಕರಿದ್ದರು. ಕೂಲಿ ಮಾಡುವವರು ಒಬ್ಬರೂ ಇರಲಿಲ್ಲ. ಆ ಕೇಂದ್ರಕ್ಕೆ ಹೋಗುವ ಬಸ್ಸಿನಲ್ಲಿ ಮಾತ್ರ ದಿನಾ ಸಿಗುತ್ತಿದ್ದರು.

ಆಮೇಲೆ ಒಂಬತ್ತು ವರ್ಷ ಅತಿಥಿ ಉಪನ್ಯಾಸಕಿ. ಎರಡು ಕಾಲೇಜು, ಒಂದು ಬೆಳಿಗ್ಗೆ, ಒಂದು ಮಧ್ಯಾಹ್ನ. ಇಷ್ಟು ಗಂಟೆ ಪಾಠಕ್ಕೆ ಇಷ್ಟು ಎಂದು ಲೆಕ್ಕ. ಹಣ ಬರುತ್ತಿದ್ದುದು ಐದಾರು ತಿಂಗಳಿಗೊಮ್ಮೆ. ರಜೆಯಲ್ಲಿ ಅದೂ ಇಲ್ಲ. ಒಂದು ಸಲ ಸಹಿ ಹಾಕುವ ಪುಸ್ತಕದಲ್ಲಿ ಗಂಟೆ ಲೆಕ್ಕ ಬರೆಯುತ್ತಾ ಕೂತಿದ್ದಾಗ ಅಪ್ಪನ ಬದಲಿ ದಿನಗಳು ನೆನಪಾದವು. ನಾನು ಎಂ.ಎ. ಓದಿದ ಬದಲಿ, ಅಷ್ಟೇ ಅಲ್ವಾ ಅನ್ನಿಸಿತು. ಆ ದಿನ ಸಂಜೆಯೇ ಪಿಎಚ್.ಡಿ. ಮಾಡಬೇಕೆಂದು ನಿರ್ಧರಿಸಿದೆ. ವಿಷಯ ಆಗಲೇ ಗೊತ್ತಿತ್ತು. ಅಪ್ಪನ ಗಂಟೆಗಳನ್ನು ಯಾರು ನಿಗದಿ ಮಾಡಿದ್ದು ಎಂದು ತಿಳಿಯಬೇಕಿತ್ತು.

ಮಾರ್ಗದರ್ಶಕರು ಸಿಗಲು ಎರಡು ವರ್ಷ ಹಿಡಿಯಿತು. ಒಬ್ಬರು ಇದು ಅರ್ಥಶಾಸ್ತ್ರದ ವಿಷಯ ಅಂದರು. ಇನ್ನೊಬ್ಬರು ರಾಜ್ಯಶಾಸ್ತ್ರಕ್ಕೆ ಹೋಗು ಅಂದರು. ಮೂರನೆಯವರು ತುಂಬ ಒಳ್ಳೆಯವರು, ಪ್ರೀತಿಯಿಂದಲೇ ಹೇಳಿದರು: "ಯಾಕಮ್ಮಾ ಅಷ್ಟು ದೂರ ಹೋಗ್ತೀಯ? ಚಿತ್ರದುರ್ಗ ಪಕ್ಕದಲ್ಲೇ ಇದೆ. ಪಾಳೆಗಾರರ ಮೇಲೆ ಮಾಡು. ಶಾಸನ ಸಿಗ್ತಾವೆ, ಆಕರ ಸಿಗ್ತಾವೆ, ಮೂರು ವರ್ಷದಲ್ಲಿ ಮುಗಿಯುತ್ತೆ."

ಅವರ ಮಾತು ಕೇಳಿ ನಿಜಕ್ಕೂ ಚಿತ್ರದುರ್ಗಕ್ಕೆ ಹೋದೆ. ಕೋಟೆ ನೋಡಿ ಚಂದ್ರವಳ್ಳಿಗೆ ಇಳಿದೆ. ಚಂದ್ರವಳ್ಳಿಯಲ್ಲಿ ರೋಮಿನ ಬೆಳ್ಳಿ ನಾಣ್ಯಗಳು ಸಿಕ್ಕಿವೆ, ಅಗಸ್ಟಸ್ ಮತ್ತು ಟೈಬೀರಿಯಸ್ ದೊರೆಗಳ ಕಾಲದವು. 1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಇಲ್ಲಿಯೂ ಮೊಳಕಾಲ್ಮೂರು ಕಡೆಯ ಬ್ರಹ್ಮಗಿರಿಯಲ್ಲಿಯೂ ಅಗೆತ ಮಾಡಿಸಿದರು. ಕೆರೆ ಏರಿ ಮೇಲೆ ಕೂತು ಬುತ್ತಿ ಬಿಚ್ಚಿದಾಗ ಒಂದು ವಿಚಾರ ಹೊಳೆಯಿತು. ಎರಡು ಸಾವಿರ ವರ್ಷದ ಹಿಂದೆ ರೋಮಿನ ಜೊತೆ ನಮಗಿದ್ದ ಸಂಬಂಧಕ್ಕೆ ಈ ಮಣ್ಣಿನಲ್ಲಿ ಬಿದ್ದ ನಾಲ್ಕು ನಾಣ್ಯ ಸಾಕ್ಷಿ ಆಗುತ್ತವೆ. ಹಾಗಾದರೆ ನೂರು ವರ್ಷದ ಹಿಂದಿನ ಲೋಕದ ಜೊತೆಗಿನ ಸಂಬಂಧಕ್ಕೆ ಒಂದು ಮಿಲ್ಲಿನ ಬಿಲ್ಲೆ ಯಾಕೆ ಸಾಕ್ಷಿ ಆಗಬಾರದು? ಈ ಎರಡು ವಾಕ್ಯವನ್ನೇ ಪಿಎಚ್.ಡಿ.ಗೆ ಮೊದಲು ಕೊಡಬೇಕಾದ ಸಾರಲೇಖದ ಮೊದಲ ಪುಟದಲ್ಲಿ ಬರೆದೆ. ನಾಲ್ಕನೆಯ ಪ್ರಾಧ್ಯಾಪಕರು ಅದನ್ನು ಓದಿ ಒಪ್ಪಿಕೊಂಡರು. ಇದು 2007ರ ಮಾತು.

ಸಾರಲೇಖ ಮಂಡಿಸಿದ ದಿನ ಶೀರ್ಷಿಕೆಯಲ್ಲೇ ತಡೆದರು. 'ಜನಾಂಗ' ಎಂಬ ಪದ ನೋಡಿ ಸಮಿತಿಯ ಒಬ್ಬರು ಕೇಳಿದರು: "ಯಾವ ಜನಾಂಗಮ್ಮಾ? ಯಾವ ಸಮಾಜದವರ ಮೇಲೆ ಮಾಡ್ತಿದೀರಿ?" ಅವರ ತಪ್ಪಲ್ಲ. ನಮ್ಮ ಕಡೆ ಜನಾಂಗ ಎಂದರೆ ಜಾತಿಯೇ. ಹೆಣ್ಣು ನೋಡಲು ಬಂದವರು "ನಿಮ್ಮದು ಯಾವ ಜನಾಂಗ" ಎಂದೇ ಕೇಳುತ್ತಾರೆ. ರೇಸ್ ಎನ್ನುವುದಕ್ಕೆ ಬೇರೆ ಪದ ಹುಡುಕಿದೆ. ವರ್ಣ ಎಂದರೆ ಮತ್ತೆ ಜಾತಿಗೇ ಬರುತ್ತದೆ. ಬುಡಕಟ್ಟು ಎಂದರೆ ಇನ್ನೊಂದು ಅರ್ಥ. ಕೊನೆಗೆ ಜನಾಂಗ ಎಂದೇ ಉಳಿಸಿಕೊಂಡೆ. ಬಿಳಿಯರು ತಮ್ಮ ಮೈಬಣ್ಣವನ್ನು ಮುಂದಿಟ್ಟುಕೊಂಡು ಜಗತ್ತಿನ ಜನರನ್ನು ಮೇಲು ಕೀಳು ಎಂದು ವಿಂಗಡಿಸಿದ ಆಲೋಚನೆ ಅದು. ಅದಕ್ಕೆ ಕನ್ನಡದಲ್ಲಿ ಹೇಳುವ ಪದವೇ ಜಾತಿಯನ್ನೂ ಹೇಳುತ್ತದೆ. ಇದು ಭಾಷೆಯ ಕೊರತೆ ಎಂದು ಆಗ ಅನ್ನಿಸಿತ್ತು. ಈಗ ಹಾಗೆ ಅನ್ನಿಸುವುದಿಲ್ಲ. ಈ ಪದ ನನ್ನನ್ನು ಎರಡನ್ನೂ ಒಟ್ಟಿಗೆ ನೋಡುವಂತೆ ಮಾಡಿತು.

ಅದೇ ಥರದ ಇನ್ನೊಂದು ಪದ 'ಕೂಲಿ'. ನಮಗೆ ಕೂಲಿ ಎಂದರೆ ದುಡಿದದ್ದಕ್ಕೆ ಸಿಗುವ ಹಣ. "ಇವತ್ತಿನ ಕೂಲಿ ಬಂತಾ?" ಎಂದು ಕೇಳುತ್ತೇವೆ. 1834ರ ನಂತರ ಕರಾರಿನ ಮೇಲೆ ಹತ್ತು ಲಕ್ಷಕ್ಕೂ ಹೆಚ್ಚು ಭಾರತೀಯರನ್ನು ಮಾರಿಷಸ್, ಟ್ರಿನಿಡಾಡ್, ಗಯಾನಾ, ದಕ್ಷಿಣ ಆಫ್ರಿಕಾದ ನಟಾಲ್, ಫಿಜಿಯ ಕಬ್ಬಿನ ತೋಟಗಳಿಗೆ ಸಾಗಿಸಿದರು. ಗುಲಾಮಗಿರಿ ನಿಂತಾಗ ತೋಟದ ಮಾಲೀಕರಿಗೆ ಕೈಗಳು ಬೇಕಾಗಿದ್ದವು. ಆ ಹಡಗುಗಳಲ್ಲಿ ಈ ಪದವೂ ಹೋಯಿತು. ಅಲ್ಲಿ ಅದು ಹಣದ ಹೆಸರಾಗಿ ಉಳಿಯಲಿಲ್ಲ, ಮನುಷ್ಯರ ಹೆಸರಾಯಿತು, ಆಮೇಲೆ ಬೈಗುಳವಾಯಿತು. ದಕ್ಷಿಣ ಆಫ್ರಿಕಾದಲ್ಲಿ ಗಾಂಧಿಯವರನ್ನು 'ಕೂಲಿ ಬ್ಯಾರಿಸ್ಟರ್' ಎಂದು ಕರೆದರು. ಬ್ಯಾರಿಸ್ಟರ್ ಆಗಿದ್ದರೂ ಭಾರತೀಯ ಆದದ್ದಕ್ಕೆ ಕೂಲಿ. ದುಡಿಮೆಯ ಪದವೊಂದು ಸಮುದ್ರ ದಾಟಿ ಜನಾಂಗದ ಪದವಾದದ್ದು ಹೀಗೆ. ನನ್ನ ವಿಷಯದ ಮೂರೂ ಎಳೆ ಈ ಎರಡಕ್ಷರದಲ್ಲಿ ಹೆಣೆದುಕೊಂಡಿವೆ ಎಂದು ತಿಳಿದ ರಾತ್ರಿ ನಿದ್ದೆ ಬರಲಿಲ್ಲ.

ಸಂಶೋಧನೆಯ ನಿಜವಾದ ಕೆಲಸ ಶುರುವಾದದ್ದು ಪತ್ರಾಗಾರದಲ್ಲಿ. ಬೆಂಗಳೂರಿನ ರಾಜ್ಯ ಪತ್ರಾಗಾರದಲ್ಲಿ ಮೈಸೂರು ಸಂಸ್ಥಾನದ ಕಡತ ನೋಡಿದೆ. ಆಮೇಲೆ ದೆಹಲಿ. ಅತಿಥಿ ಉಪನ್ಯಾಸಕಿಯ ಹಣದಲ್ಲಿ ದೆಹಲಿಗೆ ಹೋಗುವುದು ಸುಮ್ನೆ ಮಾತಲ್ಲ. ಅವ್ವನ ಕಿವಿಯೋಲೆ ಅಡ ಇಟ್ಟೆವು. ದಾವಣಗೆರೆಯಿಂದ ಸಂಪರ್ಕ ಕ್ರಾಂತಿ ರೈಲು, ಎರಡು ರಾತ್ರಿ. ಚಟ್ನಿಪುಡಿ, ರೊಟ್ಟಿ, ಒಂದು ಡಬ್ಬಿ ಮಂಡಕ್ಕಿ.

ಜನಪಥದ ರಾಷ್ಟ್ರೀಯ ಪತ್ರಾಗಾರದಲ್ಲಿ ಮೊದಲ ವಾರ ಏನೂ ಸಿಗಲಿಲ್ಲ. ಕಡತ ಬೇಕಿದ್ದರೆ ಸೂಚಿ ನೋಡಿ, ಇಲಾಖೆ, ಶಾಖೆ, ವರ್ಷ, ನಂಬರ್ ಬರೆದು ಚೀಟಿ ಕೊಡಬೇಕು. ನಾನು ದಿನಕ್ಕೆ ಹತ್ತು ಚೀಟಿ ಕೊಟ್ಟರೆ ಆರು ಚೀಟಿ 'ಎನ್.ಟಿ.' ಎಂದು ವಾಪಸ್ ಬರುತ್ತಿದ್ದವು. ಆ ಕಡತ ಇಲಾಖೆಯಿಂದ ಪತ್ರಾಗಾರಕ್ಕೆ ಬಂದೇ ಇಲ್ಲ ಎಂದು ಅದರರ್ಥ. ಇನ್ನೊಂದೆರಡರ ಮೇಲೆ 'ಹಾಳೆ ಪುಡಿಯಾಗುತ್ತಿದೆ, ಕೊಡಲಾಗದು' ಎಂದು ಬರೆದಿರುತ್ತಿತ್ತು. ನಂಬರ್‌ಗಾಗಿ ಕಾಯುವುದು, ಬರಿಗೈಯಲ್ಲಿ ಏಳುವುದು. ನನಗೆ ಹುಡುಕುವುದೇ ತಿಳಿದಿರಲಿಲ್ಲ. 'ಕಾರ್ಮಿಕ' ಎಂಬ ತಲೆಬರಹದ ಕೆಳಗೆ ಹುಡುಕುತ್ತಿದ್ದೆ. ಪಕ್ಕದ ಮೇಜಿನಲ್ಲಿ ಒಬ್ಬ ಹಿರಿಯ ಸಂಶೋಧಕಿ ಕೂರುತ್ತಿದ್ದರು. ಅವರು ಹೇಳಿದರು: 1923ಕ್ಕೆ ಮೊದಲು ಕೈಗಾರಿಕೆ ಮತ್ತು ಕಾರ್ಮಿಕ ಇಲಾಖೆ ಎಂಬುದೇ ಇರಲಿಲ್ಲ, ವಾಣಿಜ್ಯ ಮತ್ತು ಕೈಗಾರಿಕೆ ಇಲಾಖೆಯಲ್ಲಿ ನೋಡು. ಆ ಕಾಲದವರು ಯಾವ ಹೆಸರಿನಲ್ಲಿ ಇಟ್ಟರೋ ಆ ಹೆಸರಿನಲ್ಲೇ ಹುಡುಕಬೇಕು, ನಿನ್ನ ಪ್ರಶ್ನೆಯ ಹೆಸರಿನಲ್ಲಿ ಅಲ್ಲ. ಇಂದಿಗೂ ಸಂಶೋಧನೆಗೆ ಬರುವ ಮಕ್ಕಳಿಗೆ ನಾನು ಮೊದಲು ಹೇಳುವುದು ಇದನ್ನೇ.

ಹೀಗೆ ಹುಡುಕುವಾಗಲೇ ವಲಸೆಯ ಕಡತಗಳ ದಾರಿಯೂ ತಿಳಿಯಿತು. ಕರಾರಿನ ಕೂಲಿಗಳ ಕಡತ ಒಂದು ಇಲಾಖೆಯಿಂದ ಇನ್ನೊಂದಕ್ಕೆ ಹೋಗುತ್ತಾ ಹೋಗುತ್ತಾ, 1941ರಲ್ಲಿ ಹೊರದೇಶದ ಭಾರತೀಯರದೇ ಒಂದು ಇಲಾಖೆ ಆಯಿತು. ಸ್ವಾತಂತ್ರ್ಯದ ಹೊತ್ತಿಗೆ ಆ ಕೆಲಸ ವಿದೇಶಾಂಗ ಇಲಾಖೆಯೊಳಗೆ ಸೇರಿತು. ವಿದೇಶಾಂಗ ಎಂದರೆ ಕೋಟು ಹಾಕಿದ ರಾಯಭಾರಿಗಳು ಎಂದು ಪಾಠ ಓದಿದ್ದೆ. ಅದರ ಬೇರಿನಲ್ಲಿ ಕೂಲಿಗಳ ಹಡಗಿನ ಪಟ್ಟಿ ಇತ್ತು.

ಹನ್ನೊಂದನೇ ದಿನ ಒಂದು ಕಟ್ಟು ಬಂತು. ಕೆಂಪು ದಾರ ಬಿಚ್ಚಿದರೆ ಹಳೇ ಕಾಗದದ ವಾಸನೆ, ಅಂಚು ಬೆರಳಿಗೆ ಅಂಟಿ ಉದುರುತ್ತಿತ್ತು. 1919ರ ಅಕ್ಟೋಬರ್ ಕೊನೆಯಲ್ಲಿ ವಾಷಿಂಗ್ಟನ್‌ನಲ್ಲಿ ಮೊದಲ ಅಂತರರಾಷ್ಟ್ರೀಯ ಕಾರ್ಮಿಕ ಸಮ್ಮೇಳನ ಸೇರಿತು. ಮಹಾಯುದ್ಧ ಮುಗಿದಿತ್ತು, ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಆಗಷ್ಟೇ ಹುಟ್ಟಿತ್ತು. ಭಾರತದ ಕಾರ್ಮಿಕರ ಪರವಾಗಿ ಎನ್.ಎಂ. ಜೋಶಿ ಹೋಗಿದ್ದರು. ಅಲ್ಲಿ ಆದ ಮೊದಲ ಒಪ್ಪಂದವೇ ದುಡಿಮೆಯ ಗಂಟೆಯದು. ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ. ಓದುತ್ತಾ ಹೋದೆ. 9ನೇ ವಿಧಿ ಜಪಾನಿನದು, ಅಲ್ಲಿ 57 ಗಂಟೆ. 11ನೇ ವಿಧಿಯಲ್ಲಿ ಚೀನಾ, ಪರ್ಷಿಯಾ (ಇಂದಿನ ಇರಾನ್), ಸಯಾಮ್ (ಇಂದಿನ ಥಾಯ್ಲೆಂಡ್) ದೇಶಗಳು ಪೂರ್ತಿ ಹೊರಗೆ. ನಡುವಿನ 10ನೇ ವಿಧಿ ನಮ್ಮದು. ಬ್ರಿಟಿಷ್ ಇಂಡಿಯಾದಲ್ಲಿ ವಾರಕ್ಕೆ 60 ಗಂಟೆ.

ಪೆನ್ಸಿಲ್ ಕೆಳಗಿಟ್ಟು ಸುಮ್ಮನೆ ಕೂತೆ. 48 ಮತ್ತು 60. ನಡುವೆ 12 ಗಂಟೆ. ಒಂದೂವರೆ ದಿನದ ಕೆಲಸ. ಇಂಗ್ಲೆಂಡಿನ ಲ್ಯಾಂಕಾಷೈರಿನಲ್ಲಿ ಅದೇ ರಿಂಗ್ ಫ್ರೇಮ್, ಅದೇ ಕದಿರು, ಅದೇ ನೂಲು. ಮುಂಬೈಯಲ್ಲಿ ನಿಂತವನ ಮೈ ಮಾತ್ರ ವಾರಕ್ಕೆ ಹನ್ನೆರಡು ಗಂಟೆ ಜಾಸ್ತಿ ತಡೆಯಬೇಕು. ಹವೆ ಬೇರೆ, ಅಭ್ಯಾಸ ಬೇರೆ, ಕೈಗಾರಿಕೆ ಇನ್ನೂ ಬೆಳೆದಿಲ್ಲ ಎಂಬ ಮಾತುಗಳನ್ನು ಆ ಕಾಲದ ಕಾಗದಗಳಲ್ಲಿ ಮತ್ತೆ ಮತ್ತೆ ಓದಿದೆ. ಕರಿಯ, ಬಿಳಿಯ ಎಂಬ ಪದ ಆ ವಿಧಿಯಲ್ಲಿ ಎಲ್ಲೂ ಇಲ್ಲ. ಆದರೂ ಯಾರಿಗೆ ಎಷ್ಟು ಗಂಟೆ ಎಂದು ಪಟ್ಟಿ ಮಾಡಿ ನೋಡಿ, ಯುರೋಪು ಒಂದು ಕಡೆ, ಏಷ್ಯಾ ಒಂದು ಕಡೆ. ನ್ಯಾಯವಾಗಿ ಇದನ್ನೂ ಹೇಳಬೇಕು: 1911ರ ಕಾನೂನಿನಲ್ಲಿ ಬಟ್ಟೆ ಮಿಲ್ಲಿನ ಗಂಡಸರಿಗೆ ದಿನಕ್ಕೆ 12 ಗಂಟೆ ಇತ್ತು. ಆ ಲೆಕ್ಕದಲ್ಲಿ 60 ಎಂಬುದು ಇಳಿಕೆಯೇ. ಅದು ಕಾರ್ಮಿಕರಿಗೆ ಸಿಕ್ಕ ಲಾಭವೂ ಹೌದು, ಅವರ ಮೇಲೆ ಹಾಕಿದ ಮುದ್ರೆಯೂ ಹೌದು. ಎರಡರಲ್ಲಿ ಒಂದನ್ನು ಬಿಟ್ಟು ಬರೆಯಬಾರದು ಎಂದು ನನ್ನ ಮಾರ್ಗದರ್ಶಕರು ಪಟ್ಟು ಹಿಡಿದರು. ಅವರಿಗೆ ನಾನು ಇವತ್ತಿಗೂ ಋಣಿ.

ಅದೇ 1919ರ ಏಪ್ರಿಲ್‌ನಲ್ಲಿ ಪ್ಯಾರಿಸ್ಸಿನ ಶಾಂತಿ ಸಮ್ಮೇಳನದಲ್ಲಿ ಜಪಾನ್ ಒಂದು ಬೇಡಿಕೆ ಇಟ್ಟಿತ್ತು. ಹೊಸದಾಗಿ ಕಟ್ಟುತ್ತಿದ್ದ ರಾಷ್ಟ್ರಸಂಘದ ಕರಾರಿನಲ್ಲಿ ಜನಾಂಗಗಳ ಸಮಾನತೆಯ ಮಾತು ಸೇರಬೇಕು ಎಂದು. 17 ಮತಗಳಲ್ಲಿ 11 ಪರವಾಗಿ ಬಂದವು. ಆದರೂ ಸಭೆ ನಡೆಸುತ್ತಿದ್ದ ಅಮೆರಿಕದ ಅಧ್ಯಕ್ಷ ವುಡ್ರೋ ವಿಲ್ಸನ್, ಎಲ್ಲರ ಒಪ್ಪಿಗೆ ಇಲ್ಲ ಎಂದು ಅದನ್ನು ಕೈಬಿಟ್ಟರು. ನಾನು ಎಂ.ಎ.ಯಲ್ಲಿ ವಿಲ್ಸನ್ ಅವರ 14 ಅಂಶಗಳನ್ನು ಬಾಯಿಪಾಠ ಮಾಡಿದ್ದೆ. ಈ ಮತದಾನವನ್ನು ಯಾರೂ ಹೇಳಿರಲಿಲ್ಲ. ಇನ್ನೊಂದು ಸಂಗತಿಯೂ ಆಗಲೇ ತಿಳಿದದ್ದು. ಅಮೆರಿಕದ ಕ್ಲಾರ್ಕ್ ವಿಶ್ವವಿದ್ಯಾಲಯದಲ್ಲಿ 1910ರಲ್ಲಿ 'ಜನಾಂಗಗಳ ಅಭಿವೃದ್ಧಿ' ಎಂಬ ಅರ್ಥದ ಹೆಸರಿನ ಪತ್ರಿಕೆ ಶುರುವಾಯಿತು. 1919ರಲ್ಲಿ ಅದರ ಹೆಸರನ್ನು 'ಅಂತರರಾಷ್ಟ್ರೀಯ ಸಂಬಂಧಗಳು' ಎಂದು ಬದಲಾಯಿಸಿದರು. ಕೆಲವೇ ವರ್ಷದಲ್ಲಿ ಅದು ಇಂದಿನ 'ಫಾರಿನ್ ಅಫೇರ್ಸ್' ಪತ್ರಿಕೆಯೊಳಗೆ ಸೇರಿತು. ಸಮಿತಿಯವರು ಜನಾಂಗಕ್ಕೂ ಅಂತರರಾಷ್ಟ್ರೀಯ ಸಂಬಂಧಕ್ಕೂ ಏನು ಸಂಬಂಧ ಎಂದೂ ಆ ದಿನ ಕೇಳಿದ್ದರು. ಈ ಹೆಸರು ಬದಲಾದ ಕಥೆಯನ್ನೇ ಉತ್ತರವಾಗಿ ಕೊಟ್ಟೆ.

ವಾಪಸ್ ಬರುವಾಗ ರೈಲಿನಲ್ಲಿ ಆದದ್ದನ್ನು ನಾನು ಮರೆಯುವುದಿಲ್ಲ. ಹುಬ್ಬಳ್ಳಿ ದಾಟಿ, ರಾಣೇಬೆನ್ನೂರು ದಾಟಿ, ರೈಲು ತುಂಗಭದ್ರೆಯ ಸೇತುವೆ ಹತ್ತಿತು. ಹರಿಹರ ಬಂತೆಂದು ಚೀಲ ಇಳಿಸುತ್ತಿದ್ದೆ. ಕೆಳಗೆ ನೀರು ಕಡಿಮೆ ಇತ್ತು, ಬಂಡೆ ಮೇಲೆ ಬಟ್ಟೆ ಒಗೆಯುತ್ತಿದ್ದರು. ತಟ್ಟನೆ ಹೊಳೆಯಿತು. ಆ ಕಾಲಕ್ಕೆ ಈ ಹೊಳೆ ಗಡಿ. ಆ ಕಡೆಯ ರಾಣೇಬೆನ್ನೂರು ಮುಂಬೈ ಪ್ರಾಂತ್ಯದ ಧಾರವಾಡ ಜಿಲ್ಲೆ, ಅಂದರೆ ಬ್ರಿಟಿಷ್ ಇಂಡಿಯಾ. ಈ ಕಡೆಯ ಹರಿಹರ, ದಾವಣಗೆರೆ ಮೈಸೂರು ಸಂಸ್ಥಾನ. 10ನೇ ವಿಧಿ ಹೇಳಿದ್ದು ಬ್ರಿಟಿಷ್ ಇಂಡಿಯಾ ಎಂದು. ಹಾಗಾದರೆ ಆ 60 ಗಂಟೆಯ ಮಾತು ಈ ಸೇತುವೆಯ ಮಧ್ಯಕ್ಕೇ ನಿಂತಿತು. ನಮ್ಮೂರು ಅದರೊಳಗೂ ಇರಲಿಲ್ಲ.

ಎಷ್ಟು ಸಲ ಈ ಸೇತುವೆ ದಾಟಿದ್ದೆನೋ. ಬರೆದಿದ್ದ ಎರಡು ಅಧ್ಯಾಯ ಅಲ್ಲಿಗೇ ಹೋಯಿತು. ಮೈಸೂರಿಗೆ ತನ್ನದೇ ಕಾರ್ಖಾನೆ ಕಾನೂನು ಇತ್ತು. ಕಾರ್ಮಿಕ ಸಂಸ್ಥೆಯ ಕಚೇರಿ ಇದ್ದ ಜಿನೀವಾದ ಒಪ್ಪಂದಗಳಿಗೆ ಭಾರತ ಸಹಿ ಹಾಕಿದರೂ ಸಂಸ್ಥಾನಗಳು ಅದಕ್ಕೆ ಕಟ್ಟುಬಿದ್ದಿರಲಿಲ್ಲ. ಸಂಸ್ಥಾನಗಳಲ್ಲಿ ಕಾನೂನು ಸಡಿಲ, ಬಂಡವಾಳ ಅಲ್ಲಿಗೆ ಓಡುತ್ತಿದೆ ಎಂದು 1930ರ ದಶಕದಲ್ಲಿ ಮುಂಬೈ ಕಡೆಯವರು ದೂರುತ್ತಿದ್ದರು. ಒಂದು ಹೊಳೆಯ ಎರಡು ದಡದಲ್ಲಿ ಎರಡು ಕಾನೂನು, ಎರಡು ಗಡಿಯಾರ. ಎಲ್ಲವನ್ನೂ ಮತ್ತೆ ಮೊದಲಿಂದ ಬರೆಯಲು ಒಂದೂವರೆ ವರ್ಷ ಬೇಕಾಯಿತು. ಮೈಸೂರಿನ ಕಾಗದ ನೋಡುವಾಗ ಕೋಲಾರದ ಚಿನ್ನದ ಗಣಿ ಪದೇ ಪದೇ ಎದುರಾಗುತ್ತಿತ್ತು. ಅಲ್ಲಿ ಯುರೋಪಿಯನ್ನರ ಬಂಗಲೆ ಒಂದು ಕಡೆ, ತಮಿಳು ಕಾರ್ಮಿಕರ ಸಾಲುಮನೆ ಇನ್ನೊಂದು ಕಡೆ. 1930ರಲ್ಲಿ ಬೆರಳಚ್ಚು ಕೊಡಬೇಕೆಂದಾಗ ಸಾವಿರಾರು ಜನ ಕೆಲಸ ನಿಲ್ಲಿಸಿದರು. ಜನಾಂಗ, ದುಡಿಮೆ ಎರಡನ್ನೂ ಕಣ್ಣಾರೆ ನೋಡಬೇಕೆಂದರೆ ನಮ್ಮ ನಾಡಿನಲ್ಲೇ ಜಾಗ ಇತ್ತು.

ಬರವಣಿಗೆಯ ಜೊತೆಯಲ್ಲೇ ಹಳೇ ಮಿಲ್ ಕಾರ್ಮಿಕರನ್ನು ಮಾತಾಡಿಸಲು ಶುರು ಮಾಡಿದೆ. ಮೊದಮೊದಲು ಯಾರೂ ಬಾಯಿ ಬಿಡಲಿಲ್ಲ. "ಕೋರ್ಟಿನಿಂದ ಬಂದೀಯಾ? ಪಿಎಫ್ ಆಫೀಸಿನವಳಾ?" ಎಂದೇ ಕೇಳುತ್ತಿದ್ದರು. ಅವರಿಗೆ ಕಾಗದ ಹಿಡಿದುಕೊಂಡು ಬಂದವರೆಲ್ಲ ಒಂದೇ. ಒಂದು ದಿನ ಚಹಾದಂಗಡಿಯ ಬೆಂಚಿನ ಮೇಲೆ ಅಪ್ಪನ ಬಿಲ್ಲೆ ಇಟ್ಟೆ. ಒಬ್ಬ ಅಜ್ಜ ಅದನ್ನು ಎತ್ತಿಕೊಂಡು ಹೆಬ್ಬೆರಳಿನಿಂದ ನಂಬರ್ ಉಜ್ಜಿ ನೋಡಿದರು. "ನಂದು 417" ಅಂದರು. ಆಮೇಲೆ ಎರಡು ತಾಸು ಮಾತಾಡಿದರು. ಹತ್ತಿ ಹಿಂಜುವ ಕಾರ್ಡಿಂಗಿನಲ್ಲಿ ಹಾರುವ ಅರಳೆ, ರೆಪ್ಪೆ ಮೇಲೆ ಬೀಳುವ ಬಿಳಿ ಪುಡಿ, ಆಳು ಹಾಕುವ ಮೇಸ್ತ್ರಿ, ಅಂದರೆ ಜಾಬರ್‌ಗೆ ಕೊಡಬೇಕಿದ್ದ ಮಾಮೂಲು. ಭಾನುವಾರ ರಜೆ ಇದ್ದು ಸೋಮವಾರ ಒಳಗೆ ಹೋದರೆ ಎದೆ ಬಿಗಿಯುತ್ತಿತ್ತು, ಬುಧವಾರದ ಹೊತ್ತಿಗೆ ಸಡಿಲ ಆಗುತ್ತಿತ್ತು ಎಂದರು. ಹತ್ತಿ ದೂಳಿನ ರೋಗದ ಗುರುತು ಅದು, ವೈದ್ಯರು ಪುಸ್ತಕದಲ್ಲಿ ಬರೆದಿರುವುದೂ ಅದನ್ನೇ. ಅವರು ಯಾವ ಪುಸ್ತಕವನ್ನೂ ಓದಿರಲಿಲ್ಲ.

ಹತ್ತಿಯ ಕಥೆಯನ್ನೂ ಅವರೇ ಎತ್ತಿದರು. ಹಳಬರು ಜವಾರಿ ಹತ್ತಿ, ವಿಲಾಯತಿ ಹತ್ತಿ ಎಂದು ಬೇರೆ ಮಾಡಿ ಹೇಳುತ್ತಿದ್ದರಂತೆ. ವಿಲಾಯತಿ ಎಂದರೆ ಅಮೆರಿಕದ ಬೀಜ. 1840ರ ಸುಮಾರಿಗೆ ಈಸ್ಟ್ ಇಂಡಿಯಾ ಕಂಪನಿ ಅಮೆರಿಕದಿಂದ ತೋಟಗಾರರನ್ನೇ ಕರೆಸಿ ಹತ್ತಿ ಬೆಳೆಸಲು ನೋಡಿತು. ಧಾರವಾಡದ ಎರೆ ನೆಲದಲ್ಲಿ ಆ ಬೀಜ ಹಿಡಿಯಿತು. 1861ರಿಂದ 65ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ಆದಾಗ ಅಲ್ಲಿನ ಹತ್ತಿ ನಿಂತು, ನಮ್ಮ ಹತ್ತಿಗೆ ಚಿನ್ನದ ಬೆಲೆ ಬಂತು. ಯುದ್ಧ ಮುಗಿದ ಮೇಲೆ ಬೆಲೆ ಕುಸಿಯಿತು. ಅಲ್ಲಿ ಕರಿಯ ಗುಲಾಮರು ಬಿಡಿಸುತ್ತಿದ್ದ ಹತ್ತಿಯ ಬೀಜ ಇಲ್ಲಿ ನಮ್ಮ ಹೆಂಗಸರು ಬಿಡಿಸುವ ಹತ್ತಿಯಾಯಿತು. ಇಬ್ಬರೂ ಒಬ್ಬರನ್ನೊಬ್ಬರು ಕಾಣಲಿಲ್ಲ.

ಕಾಣಲು ಪ್ರಯತ್ನ ಮಾಡಿದವರೂ ಇದ್ದರು. 1946ರ ಜುಲೈನಲ್ಲಿ ಅಂಬೇಡ್ಕರ್ ಅವರು ಅಮೆರಿಕದ ಕರಿಯ ಚಿಂತಕ ಡಬ್ಲ್ಯು.ಇ.ಬಿ. ಡುಬಾಯ್ಸ್ ಅವರಿಗೆ ಒಂದು ಕಾಗದ ಬರೆದರು. ಕರಿಯರ ಅಹವಾಲನ್ನು ವಿಶ್ವಸಂಸ್ಥೆಗೆ ಸಲ್ಲಿಸಿರುವುದು ತಿಳಿಯಿತು, ಅದರ ಎರಡು ಮೂರು ಪ್ರತಿ ಕಳಿಸಿಕೊಡಿ ಎಂದು. ಭಾರತದ ಅಸ್ಪೃಶ್ಯರ ಸ್ಥಿತಿಗೂ ಅಮೆರಿಕದ ಕರಿಯರ ಸ್ಥಿತಿಗೂ ಎಷ್ಟೋ ಹೋಲಿಕೆ ಇದೆ ಎಂದು ಅದರಲ್ಲಿ ಬರೆದಿದ್ದಾರೆ. ಡುಬಾಯ್ಸ್ ಅದೇ ತಿಂಗಳು ಉತ್ತರ ಕೊಟ್ಟರು. ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದವರು ಈ ಕಾಗದಗಳನ್ನು ಎಲ್ಲರೂ ನೋಡುವಂತೆ ಅಂತರಜಾಲದಲ್ಲಿ ಇಟ್ಟಿದ್ದಾರೆ. ನಾನು ಅದನ್ನು ಓದಿದ್ದು ಪಿ.ಜೆ. ಬಡಾವಣೆಯ ಒಂದು ಸೈಬರ್ ಅಂಗಡಿಯಲ್ಲಿ, ಗಂಟೆಗೆ ಇಪ್ಪತ್ತು ರೂಪಾಯಿ ಕೊಟ್ಟು. 1946ರ ಡಿಸೆಂಬರ್‌ನಲ್ಲೇ, ಅಲ್ಲಿನ ಭಾರತೀಯರಿಗೆ ಜನಾಂಗಭೇದ ಮಾಡುತ್ತಿದ್ದ ದಕ್ಷಿಣ ಆಫ್ರಿಕಾದ ವಿರುದ್ಧ ಭಾರತ ತಂದ ದೂರನ್ನು ವಿಶ್ವಸಂಸ್ಥೆ 32 ಮತಗಳಿಂದ ಒಪ್ಪಿತು, ವಿರುದ್ಧ 15. ವಿಜಯಲಕ್ಷ್ಮಿ ಪಂಡಿತ್ ನಮ್ಮ ತಂಡದ ಮುಂದಾಳು. ಹೊರಗೆ ಜನಾಂಗಭೇದದ ವಿರುದ್ಧ ನಮ್ಮ ದೇಶ ಗೆದ್ದ ವರ್ಷವೇ ಒಳಗಿನ ಜಾತಿಯ ಬಗ್ಗೆ ಅಂಬೇಡ್ಕರ್ ಹೊರಗಿನ ಜೊತೆಗಾರರನ್ನು ಹುಡುಕುತ್ತಿದ್ದರು. ದಲಿತ ಸಂಘರ್ಷ ಸಮಿತಿ ಕಟ್ಟಿದ ಪ್ರೊ. ಬಿ. ಕೃಷ್ಣಪ್ಪ ಹುಟ್ಟಿದ್ದು ನಮ್ಮ ಹರಿಹರದಲ್ಲೇ. 'ಜನಾಂಗ' ಎಂಬ ಪದದ ಎರಡು ಅರ್ಥ ಬೇರೆ ಬೇರೆಯಲ್ಲ ಎಂದು ಈ ನೆಲದವರಿಗೆ ಯಾರೂ ಹೊಸದಾಗಿ ಹೇಳಿಕೊಡಬೇಕಿರಲಿಲ್ಲ.

ಪ್ರಬಂಧವನ್ನು ಕನ್ನಡದಲ್ಲೇ ಬರೆದೆ. ಇಂಗ್ಲಿಷಿನಲ್ಲಿ ಬರೆದರೆ ಕೆಲಸ ಸಿಗುತ್ತದೆ, ಹೊರದೇಶಕ್ಕೆ ಹೋಗಬಹುದು ಎಂದು ಬಹಳ ಜನ ಹೇಳಿದರು. ಅವರ ಮಾತು ಸುಳ್ಳಲ್ಲ. ಕನ್ನಡ ಪ್ರಬಂಧಕ್ಕೆ ಈ ವಿಷಯ ಗೊತ್ತಿರುವ ಹೊರಗಿನ ಪರೀಕ್ಷಕರು ಸಿಗದೆ ಹನ್ನೊಂದು ತಿಂಗಳು ಕಾಯ್ದೆ. ಆದರೆ 638 ನಂಬರಿನವರು, 417 ನಂಬರಿನವರು ಓದಲಾಗದ ಭಾಷೆಯಲ್ಲಿ ಅವರ ಗಂಟೆಗಳ ಬಗ್ಗೆ ಬರೆಯಲು ನನ್ನಿಂದ ಆಗಲಿಲ್ಲ.

60 ಗಂಟೆಯ ಅಧ್ಯಾಯ ಮುಗಿದ ದಿನ ಅಪ್ಪನಿಗೆ ಓದಿ ಹೇಳಿದೆ. ಆಗ ಅವರಿಗೆ ಉಸಿರಾಟದ ತೊಂದರೆ ಇತ್ತು, ಗೋಡೆಗೆ ದಿಂಬು ಒತ್ತಿ ಕೂರುತ್ತಿದ್ದರು. ವಾಷಿಂಗ್ಟನ್, ಜಿನೀವಾ, ಹೊಳೆಯ ಎರಡು ದಡ, ಎಲ್ಲ ಕೇಳಿದರು. ಮುಗಿದ ಮೇಲೆ ಅಂದರು: "ನಮ್ಮ ಕಾಲಕ್ಕೆ ಎಂಟು ತಾಸೇ ಇತ್ತಲ್ಲ ತಾಯಿ. ಅರವತ್ತನ್ನ ನಲವತ್ತೆಂಟು ಮಾಡಿದ್ದು ಯಾರು? ಅದನ್ನ ಎಲ್ಲಿ ಬರೆದೀಯ?"

ಬರೆದಿರಲಿಲ್ಲ. ಗಂಟೆ ಹೆಚ್ಚು ಹಾಕಿದವರ ಕಾಗದ ಹುಡುಕುತ್ತಾ ಐದು ವರ್ಷ ಕಳೆದಿದ್ದೆ. ಇಳಿಸಿದವರನ್ನು ಒಂದು ಪ್ಯಾರಾದಲ್ಲಿ ಮುಗಿಸಿದ್ದೆ. ಕಡತ ಇಡುವವರು ಸರ್ಕಾರದವರು. ಅವರ ಕಡತದಲ್ಲಿ ಮುಷ್ಕರ ಎಂದರೆ ತೊಂದರೆ, ಅಷ್ಟೇ. ಮತ್ತೆ ಎಂಟು ತಿಂಗಳು ಕೂತು ಕೊನೆಯ ಅಧ್ಯಾಯ ಬರೆದೆ. 1920ರಲ್ಲಿ ಮುಂಬೈಯಲ್ಲಿ ಕಾರ್ಮಿಕ ಸಂಘಗಳ ಒಕ್ಕೂಟ ಎಐಟಿಯುಸಿ ಹುಟ್ಟಿದ್ದು, 1922ರ ಕಾನೂನು ವಾರಕ್ಕೆ 60 ಎಂದದ್ದು, 1934ರಲ್ಲಿ 54ಕ್ಕೆ ಇಳಿದದ್ದು, 1948ರ ಕಾರ್ಖಾನೆ ಕಾಯ್ದೆಯಲ್ಲಿ 48 ಆದದ್ದು. ಲ್ಯಾಂಕಾಷೈರಿನವರಿಗೆ ಬರೆದುಕೊಟ್ಟ 48 ನಮ್ಮ ಕಾನೂನಿಗೆ ಬರಲು 29 ವರ್ಷ ಬೇಕಾಯಿತು. ಆಮೇಲೆ ನಮ್ಮೂರಿನ ಕೆಂಪು ಬಾವುಟದ ಕಥೆ. ಸಿಪಿಐನ ಪಂಪಾಪತಿಯವರನ್ನು ಮೂರು ಸಲ ವಿಧಾನಸಭೆಗೆ ಕಳಿಸಿದ ಊರು ಇದು. ಗೇಟಿನ ಮುಂದೆ ಕೂತವರ, ಲಾಕೌಟಿನಲ್ಲಿ ಒಬ್ಬರ ಮನೆಗೊಬ್ಬರು ಜೋಳದ ಹಿಟ್ಟು ಹಂಚಿಕೊಂಡವರ ಮಾತುಗಳನ್ನು ಅವರದೇ ಭಾಷೆಯಲ್ಲಿ ಸೇರಿಸಿದೆ. ಪ್ರಬಂಧದಲ್ಲಿ ಯಾರಾದರೂ ಒಂದೇ ಅಧ್ಯಾಯ ಓದುವುದಾದರೆ ಅದನ್ನು ಓದಿ ಎನ್ನುತ್ತೇನೆ. ಅದು ಅಪ್ಪ ಬರೆಸಿದ ಅಧ್ಯಾಯ.

2013ರಲ್ಲಿ ಮೌಖಿಕ ಪರೀಕ್ಷೆ ಆಯಿತು. ಅದಕ್ಕೆ ಅಪ್ಪ ಇರಲಿಲ್ಲ. 2017ರಲ್ಲಿ ಚಿತ್ರದುರ್ಗ ಜಿಲ್ಲೆಯ ಒಂದು ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ಕಾಯಂ ಕೆಲಸ ಸಿಕ್ಕಿತು. ದಾವಣಗೆರೆಯಿಂದಲೇ ಓಡಾಡುತ್ತೇನೆ. ಹೈವೇಯ ಎರಡೂ ಕಡೆ ಈಗ ಹತ್ತಿ ಕಡಿಮೆ, ಮೆಕ್ಕೆಜೋಳವೇ ಜಾಸ್ತಿ.

2023ರಲ್ಲಿ ನಮ್ಮ ರಾಜ್ಯದಲ್ಲಿ ಕಾರ್ಖಾನೆ ಕಾಯ್ದೆಗೆ ತಿದ್ದುಪಡಿ ಬಂತು. ವಾರದ 48ರ ಮಿತಿ ಹಾಗೇ ಇಟ್ಟು, ದಿನಕ್ಕೆ 12 ಗಂಟೆವರೆಗೆ ಕೆಲಸ ಮಾಡಿಸಬಹುದು ಎಂದು. ಆ ವಾರ ಕ್ಲಾಸಿನಲ್ಲಿ 10ನೇ ವಿಧಿಯನ್ನು ಕನ್ನಡದಲ್ಲಿ ಬರೆದು ಹಂಚಿದೆ. ಬೋರ್ಡಿನ ಮೇಲೆ ಮೂರು ಅಂಕಿ ಬರೆದೆ: 48, 57, 60. ಯಾವುದು ಯಾರದು, ಯಾಕೆ ಎಂದು ಕೇಳಿದೆ. ಆಮೇಲೆ ಮನೆಯಲ್ಲಿ ದುಡಿಯುವವರ ಒಂದು ವಾರದ ಗಂಟೆ ಲೆಕ್ಕ ಬರೆದುಕೊಂಡು ಬನ್ನಿ ಎಂದೆ.

ಹಿಂದಿನ ಬೆಂಚಿನ ಹುಡುಗ ಒಬ್ಬ ದಾವಣಗೆರೆಯ ಮಂಡಕ್ಕಿ ಭಟ್ಟಿಯ ಕಡೆಯಿಂದ ಬರುತ್ತಾನೆ. ಮಾತು ಕಡಿಮೆ. ಮುಂದಿನ ಸೋಮವಾರ ಕ್ಲಾಸ್ ಮುಗಿದ ಮೇಲೆ ಮೇಜಿನ ಹತ್ತಿರ ಬಂದು ನಿಂತ. ಕೈಯಲ್ಲಿ ಮಡಚಿದ ಹಾಳೆ.

"ಮೇಡಂ, ಅಪ್ಪಂದು ಎಪ್ಪತ್ತೊಂದು ತಾಸು ಬಂತು. ಅವ್ವಂದು ಹೆಂಗ್ ಬರೀಬೇಕು ಗೊತ್ತಾಗ್ಲಿಲ್ಲ. ಭಟ್ಟೀಲಿ ಐವತ್ನಾಲ್ಕು. ಮನೇದೂ ಸೇರಿಸ್ಬೇಕಾ?"

ಸೇರಿಸು, ಬೇರೆ ಕಾಲಂ ಹಾಕಿ ಬರಿ ಎಂದೆ. ಅಲ್ಲೇ ಬೆಂಚಿನ ಮೇಲೆ ಕೂತು, ಸ್ಕೇಲ್ ಇಟ್ಟು ಗೆರೆ ಎಳೆಯತೊಡಗಿದ.